ಮೈದಾನ ಎಲ್ಲಿದೆ, ಸ್ವಾಮಿ?



ಬಳ್ಳಾರಿಯ ಖಾಸಗಿ ಶಾಲೆಗಳ ಕರಪತ್ರಗಳು ವರ್ಷಾವರ್ಷ ನನ್ನ ಪ್ರೆಸ್ಸಿನಲ್ಲಿ ಅಚ್ಚಾಗುತ್ತವೆ. ಸ್ಮಾರ್ಟ್ ಕ್ಲಾಸು, ವ್ಯಾನು, ಸ್ಪೋಕನ್ ಇಂಗ್ಲಿಷು, ಎಲ್ಲ ದಪ್ಪಕ್ಷರದಲ್ಲಿ. ಆಟದ ಬಯಲಿನ ಮಾತು ಎಲ್ಲೋ ಅಪರೂಪಕ್ಕೆ. ಅಪ್ಪ ಅಮ್ಮಂದಿರು ಕೇಳುವುದೂ ಇಲ್ಲ. ನೀವಾದರೂ ಕೇಳಿ.

ಖೋ-ಖೋ ಏನು ಕಲಿಸುತ್ತದೆ ನೋಡಿ. ಎರಡು ಕಂಬಗಳ ನಡುವೆ ಎಂಟು ಮಂದಿ ಸಾಲಾಗಿ ಕೂರುತ್ತಾರೆ. ಒಬ್ಬರ ಮುಖ ಅತ್ತ, ಪಕ್ಕದವರದು ಇತ್ತ. ಒಂಬತ್ತನೆಯವನು ಎದುರಾಳಿಯನ್ನು ಅಟ್ಟುತ್ತಾನೆ. ಅವನು ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕನ್ನು ಕಂಬದ ತನಕ ಬದಲಿಸುವಂತಿಲ್ಲ. ಎದುರಾಳಿ ಮಾತ್ರ ಎಲ್ಲಿ ಬೇಕಾದರೂ ನುಸುಳಬಹುದು. ಹಾಗಾದರೆ ಹಿಡಿಯುವುದು ಹೇಗೆ? ಕೂತವನ ಬೆನ್ನು ಮುಟ್ಟಿ ‘ಖೋ’ ಎಂದು ಸರದಿ ಬಿಟ್ಟುಕೊಡಬೇಕು. ನಾನೇ ಹಿಡಿಯುತ್ತೇನೆ ಎಂದು ಹಟ ಮಾಡಿದವನು ತಂಡವನ್ನೇ ಸೋಲಿಸುತ್ತಾನೆ. ‘ಖೋ’ ಸಿಗುವ ಮೊದಲೇ ಎದ್ದರೂ ತಪ್ಪು. ಕಾಯುವುದು, ಕಿವಿಗೊಡುವುದು, ಕರೆ ಬಂದೊಡನೆ ಜಿಗಿಯುವುದು, ಬಿಟ್ಟುಕೊಡುವುದು. ಈ ನಾಲ್ಕು ಪಾಠ ಯಾವ ಟ್ಯೂಷನ್ನಿನಲ್ಲಿ ಸಿಗುತ್ತದೆ?

ನಮ್ಮದು ಗಡಿ ಜಿಲ್ಲೆ ಎಂಬುದನ್ನೂ ಮರೆಯಬೇಡಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯ ಸೇರಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಗೆರೆ ಎಳೆದದ್ದು ಸರ್ಕಾರ, ಮನೆಮಾತು ಆ ಗೆರೆ ನೋಡಲಿಲ್ಲ. ಇವತ್ತಿಗೂ ಸಿರುಗುಪ್ಪದಲ್ಲಿ ಕನ್ನಡ, ತೆಲುಗು, ಉರ್ದು ಮನೆಗಳ ಮಕ್ಕಳು ಅಕ್ಕಪಕ್ಕದಲ್ಲೇ ಬೆಳೆಯುತ್ತಾರೆ. ಅವರನ್ನು ಒಂದೇ ಸಾಲಿನಲ್ಲಿ ಕೂರಿಸಲು ಆಟಕ್ಕಿಂತ ಒಳ್ಳೆಯ ದಾರಿ ಯಾವುದಿದೆ? ‘ಬಿಡಬ್ಯಾಡಲೇ, ಹಿಡಿ!’ ಎಂದು ಕೂಗಿ ಕಲಿತ ಕನ್ನಡ ಸಾಯುವ ತನಕ ನಾಲಿಗೆ ಬಿಡುವುದಿಲ್ಲ. ಬೆದರಿಕೆಗೆ ಬಾರದ ನುಡಿ ಜೊತೆಯಾಟಕ್ಕೆ ತಾನಾಗಿ ಬರುತ್ತದೆ.

‘ಹಳ್ಳಿ ಆಟ’ ಎಂದು ಮೂಗು ಮುರಿಯುವವರಿಗೆ ಒಂದು ಮಾತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆಯಿತು. ಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಕುರುಬೂರಿನಿಂದ ಆದದ್ದು ಕುರುಗೋಡಿನಿಂದ ಯಾಕಾಗದು?

ಖರ್ಚಾದರೂ ಏನು? ಎರಡು ಕಂಬ, ಒಂದಿಷ್ಟು ಸುಣ್ಣದ ಪುಡಿ. ಈ ರಾಜ್ಯೋತ್ಸವಕ್ಕೆ ಬ್ಯಾನರು, ಆರ್ಕೆಸ್ಟ್ರಾ ಕಡಿಮೆ ಮಾಡಿ, ಓಣಿಗೊಂದು ಖೋ-ಖೋ ಅಂಕಣ ಹಾಕಿ. ಬ್ಯಾನರು ಕಡಿಮೆಯಾದರೆ ನಷ್ಟ ನನ್ನಂಥವರಿಗೇ, ಆಗಲಿ. ಭಾನುವಾರ ಬೆಳಿಗ್ಗೆ ನಿಮ್ಮ ಓಣಿಯ ಮಕ್ಕಳನ್ನು, ಹೆಣ್ಣುಮಕ್ಕಳನ್ನೂ ಸೇರಿಸಿ, ಬಯಲಿಗೆ ಕರೆತನ್ನಿ. ಸೋಮವಾರ ಶಾಲೆಯ ಬಾಗಿಲಿಗೆ ಹೋಗಿ ಕೇಳಿ: ಮೈದಾನ ಎಲ್ಲಿದೆ, ಸ್ವಾಮಿ?