ಪೇಟಿ ಮಾಸ್ತರರಿಗೊಂದು ಸೀಟಿ!

ಬನಹಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆ ಕೊಂಡು ಮೊದಲು ನಡುಪುಟದ ಬಣ್ಣದ ಫೋಟೋ ನೋಡಿ, ಆಮೇಲೆ ಈ ಅಂಕಣಕ್ಕೆ ಬಂದಿದ್ದೀರಿ. ಗೊತ್ತು ಬಿಡ್ರಿ! ಈ ವಾರ ತಾರೆಯರ ಸುದ್ದಿ ಇಲ್ಲ. ಸತ್ಯಭಾಮೆಯ ಸಿಟ್ಟಿನ ಸುದ್ದಿ ಇದೆ.

ಅಣ್ಣಾವ್ರ 'ಶ್ರೀಕೃಷ್ಣ ರುಕ್ಮಿಣಿ ಸತ್ಯಭಾಮ' ತೆರೆಗೆ ಬಂದದ್ದು 1971ರಲ್ಲಿ. ಆದರೆ ಮುಧೋಳ, ಜಮಖಂಡಿ, ಬೀಳಗಿ ಸೀಮೆಯವರಿಗೆ ಕೃಷ್ಣನ ಈ ಇಬ್ಬರು ಹೆಂಡಿರು ಎಷ್ಟೋ ತಲೆಮಾರಿನಿಂದ ಪರಿಚಯ. ನಾರದ ಒಂದು ಪಾರಿಜಾತದ ಹೂ ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಭಾಮೆ ಕದ ಹಾಕಿಕೊಳ್ಳುತ್ತಾಳೆ. ಕಥೆ ಇಷ್ಟೇ. ಆದರೆ ಬೆಳ್ಳಂಬೆಳಗಿನ ತನಕ ಜನ ಏಳುವುದಿಲ್ಲ! ಅಪರಾಳ ತಮ್ಮಣ್ಣ ಬರೆದದ್ದನ್ನು 19ನೆಯ ಶತಮಾನದಲ್ಲಿ ಕುಲಗೋಡ ತಮ್ಮಣ್ಣ ಆಟಕ್ಕೆ ಹೊಂದಿಸಿದ. ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ಕೌಜಲಗಿ ನಿಂಗಮ್ಮ ರಂಗಕ್ಕೆ ಇಳಿದು ಮೇಳ ಕಟ್ಟಿದಳು. ನಮ್ಮ ಕಡೆಯ ಮೊದಲ ಸ್ಟಾರು ಯಾರು ಎಂದು ಯಾರಾದರೂ ಪಂಥ ಕಟ್ಟಿದರೆ ಈ ಹೆಸರು ಹೇಳಿ, ಚಹಾ ಗೆಲ್ಲಿ.

ಪಾರಿಜಾತದ ಜೀವ ಇರುವುದು ಹಿಮ್ಮೇಳದಲ್ಲಿ. ಪೇಟಿ, ತಬಲಾ, ತಾಳ, ಮುಗಿಯಿತು. ಭಾಗವತನೇ ದೂತಿಯಾಗಿ ಭಾಮೆಯನ್ನು ಮಾತಿನಲ್ಲಿ ಕೆಣಕುತ್ತಾನೆ. 'ಯಾಕವ್ವ, ಮಾರಿ ಯಾಕ ಬಾಡೇತಿ?' ಎಂದರೆ ಸಾಕು, ಭಾಮೆ ರಾಗ ಎತ್ತುತ್ತಾಳೆ. ಹಿಂದೂಸ್ತಾನಿ ಸಂಗೀತದ ನೆರಳು ಬಿದ್ದ ಹಾಡು, ಮಾತು ಮಾತ್ರ ಅಪ್ಪಟ ನಮ್ಮ ಓಣಿಯದು.

ಈಗ ಒಂದು ಫಾರಿನ್ ಕಥೆ. ಐರ್ಲೆಂಡ್ ಎಂಬ ಪುಟ್ಟ ದೇಶ. ಅಲ್ಲಿ 1962ರಲ್ಲಿ ಡಬ್ಲಿನ್ ಪಟ್ಟಣದಲ್ಲಿ ಪ್ಯಾಡಿ ಮೊಲೋನಿ ಎಂಬಾತ ಗೆಳೆಯರನ್ನು ಕೂಡಿಸಿ 'ಚೀಫ್ಟನ್ಸ್' ಎಂಬ ಮೇಳ ಕಟ್ಟಿದ. ಮೊಳಕೈ ಕೆಳಗೆ ತಿದಿ ಇಟ್ಟು ಒತ್ತಿ ನುಡಿಸುವ ಪೈಪು ಅವನದು. ನಮ್ಮ ಪೇಟಿಗೂ ತಿದಿಯೇ ಅಲ್ಲವೇ, ಬೀಗರಾದರು! ಹಳ್ಳಿಯ ಹಳೆ ಮಟ್ಟುಗಳನ್ನೇ ನುಡಿಸಿದರು. 1975ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ತನ್ನ 'ಬ್ಯಾರಿ ಲಿಂಡನ್' ಚಿತ್ರಕ್ಕೆ ಅವರ ವಾದನ ಬಳಸಿಕೊಂಡ. ಆಸ್ಕರ್ ಹೋದದ್ದು ಸಂಗೀತ ಹೊಂದಿಸಿದ ಲಿಯೊನಾರ್ಡ್ ರೋಸೆನ್‌ಮನ್ ಕೈಗೆ, ಆದರೆ ಲೋಕವೆಲ್ಲ ಮೇಳದ ಹೆಸರು ಕೇಳಿತು. 2021ರಲ್ಲಿ ಮೊಲೋನಿ ತೀರಿಕೊಳ್ಳುವವರೆಗೆ, ಸುಮಾರು ಅರವತ್ತು ವರ್ಷ ಆ ಮೇಳ ನಡೆಯಿತು.

ನಮ್ಮಲ್ಲೂ ಸಿನಿಮಾದ ಬಾಗಿಲು ಅರ್ಧ ತೆರೆದದ್ದುಂಟು. ಭಜನಾ ಮೇಳಗಳಲ್ಲಿದ್ದ ಶರೀಫಜ್ಜನ ಪದಗಳನ್ನು ಸಿ. ಅಶ್ವತ್ಥ್ ಕ್ಯಾಸೆಟ್ಟಿನಲ್ಲಿ ಮನೆಮನೆಗೆ ಮುಟ್ಟಿಸಿದರು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂತು. ಆದರೆ ಪಾರಿಜಾತದ ಪೇಟಿ ಮಾಸ್ತರನನ್ನು ಸ್ಟುಡಿಯೋಕ್ಕೆ ಕರೆದು, ನೀನು ನುಡಿಸಿದಂತೆಯೇ ನುಡಿಸಪ್ಪಾ, ಟೈಟಲ್ಲಿನಲ್ಲಿ ನಿನ್ನ ಹೆಸರು ಹಾಕುತ್ತೇವೆ ಎನ್ನುವ ನಿರ್ದೇಶಕನಿಗೆ ನಾನಿನ್ನೂ ಕಾಯುತ್ತಿದ್ದೇನೆ.

ರಬಕವಿ ಕಡೆಯ ಒಂದು ಜಾತ್ರೆಯಲ್ಲಿ ಹೋದೆ. ಭಾಮೆ ಬಾಯಿ ತೆರೆಯುವುದಕ್ಕೂ ಪಕ್ಕದ ಓಣಿಯ ಡಿಜೆ ಸಿಡಿಯುವುದಕ್ಕೂ ಸರಿಹೋಯಿತು! ಎದೆ ಗುದ್ದುವ ಸದ್ದು. ಅರ್ಧ ಹುಡುಗರು ಎದ್ದು ಅತ್ತ ಓಡಿದರು. ಸುಳ್ಳೇಕೆ, ನನ್ನ ಕಾಲೂ ಕುಣಿದವು. ಪೇಟಿ ಮಾಸ್ತರ ಮಾತ್ರ ಸಿಟ್ಟಾಗಲಿಲ್ಲ. ಬೀಡಿ ಹಚ್ಚಿ, 'ಅವರದು ಮುಗೀಲಿ, ನಮಗೇನು ಬೆಳತನ ಐತಿ' ಎಂದ.

ಮೂರು ಗಂಟೆಗೆ ಡಿಜೆ ಸುಮ್ಮನಾಯಿತು. ಕೃಷ್ಣ ಕೊರವಂಜಿ ವೇಷ ಹಾಕಿ ಭಾಮೆಗೆ ಕಣಿ ಹೇಳಲು ಬಂದ. ನೋಡುತ್ತೇನೆ, ಓಡಿಹೋದ ಹುಡುಗರಲ್ಲಿ ಏಳೆಂಟು ಮಂದಿ ಬೆವರು ಒರೆಸಿಕೊಳ್ಳುತ್ತ ಬಂದು ಹಿಂದೆ ಕೂತಿದ್ದಾರೆ. ಮಾಸ್ತರ ಪೇಟಿ ಮೇಲೆ ಒಂದು ತಾನ ಓಡಿಸಿದ. ಒಬ್ಬ ನಾಲಿಗೆ ಮಡಚಿ ಸೀಟಿ ಹೊಡೆದ ನೋಡ್ರಿ, ಟಾಕೀಸಿನಲ್ಲಿ ಹೀರೋ ಎಂಟ್ರಿಗೆ ಹೊಡೆಯುತ್ತಾರಲ್ಲ, ಅಂಥದ್ದು!

ಮಾಸ್ತರ ತಲೆ ಎತ್ತದೆ ಅದೇ ತಾನ ಇನ್ನೊಮ್ಮೆ ನುಡಿಸಿದ.