ಬಿದ್ದರೆ ತಪ್ಪು ಯಾರದು?

ಆಟೋಟಗಳ ವಿಚಾರವನ್ನು ಈ ಅಂಕಣದಲ್ಲಿ ನಾವು ಈವರೆಗೆ ಎತ್ತಿಕೊಂಡವರಲ್ಲ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿ ಬೆಳೆದ ನಮಗೆ ಮಂಜುಗಡ್ಡೆಯ ಪರಿಚಯವೆಂದರೆ ಬೇಸಗೆಯ ಜಾತ್ರೆಯಲ್ಲಿ ಶರಬತ್ತು ಮಾರುವವನು ಗೋಣಿತಾಟಿನಲ್ಲಿ ಸುತ್ತಿಟ್ಟುಕೊಳ್ಳುತ್ತಿದ್ದ ಗಡ್ಡೆಯಷ್ಟೆ. ಆದರೆ ಈಚೆಗೆ ಸದ್ಭಕ್ತರೊಬ್ಬರ ಮನೆಯಲ್ಲಿ ಪ್ರಸಾದ ಮುಗಿಸಿ ಕುಳಿತಿದ್ದಾಗ, ಆ ಮನೆಯ ಮಗಳು ತನ್ನ ಮೊಬೈಲಿನಲ್ಲಿ ಒಂದು ದೃಶ್ಯವನ್ನು ನಮಗೆ ತೋರಿಸಿದಳು. ದಕ್ಷಿಣ ಕೊರಿಯದ ಪ್ಯೊಂಗ್‌ಚಾಂಗ್‌ನಲ್ಲಿ 2018ರಲ್ಲಿ ಜರುಗಿದ ಚಳಿಗಾಲದ ಒಲಿಂಪಿಕ್ ಕ್ರೀಡೆಗಳ ದೃಶ್ಯವದು. ಮಂಜುಗಡ್ಡೆಯ ಹಾಸಿನ ಮೇಲೆ ಗಂಡಸೊಬ್ಬನು ಹೆಂಗಸೊಬ್ಬಳನ್ನು ಎತ್ತಿ ದೂರಕ್ಕೆ ಎಸೆಯುತ್ತಾನೆ. ಆಕೆ ಗಾಳಿಯಲ್ಲಿ ಬುಗುರಿಯಂತೆ ಮೂರು ಸುತ್ತು ತಿರುಗಿ, ಒಂದೇ ಕಾಲಿನ ಮೇಲೆ, ಹಿಮ್ಮುಖವಾಗಿ ಇಳಿದು ಸಾಗಿಹೋಗುತ್ತಾಳೆ. ನಾವು ಬೆರಗಾಗಿ ಕುಳಿತಿರಲು ಆ ಬಾಲೆ ಕೇಳಿದಳು: "ಗುರುಗಳ, ಎಸೆಯಾಂವ ಅವ, ಇಳಿಯಾಕಿ ಆಕಿ. ಬಿದ್ದರ ತಪ್ಪು ಯಾರದ್ರೀ?"

ಪ್ರಶ್ನೆ ಚಿಕ್ಕದು. ಆದರೆ ಉತ್ತರ ನಮ್ಮಲ್ಲಿರಲಿಲ್ಲ. ಆ ಹೆಣ್ಣುಮಗಳ ಚರಿತ್ರೆಯನ್ನು ಹುಡುಕಿ ಓದಿದ ಮೇಲೆ, ಅದು ನಮ್ಮ ವಾಚಕ ಬಂಧುಗಳಿಗೂ ತಿಳಿಯಬೇಕಾದುದೆಂದು ನಮಗನ್ನಿಸಿತು.

ಫಿಗರ್ ಸ್ಕೇಟಿಂಗ್ ಎಂಬ ಈ ಕಲೆಯಲ್ಲಿ ಪಾದರಕ್ಷೆಯ ಅಡಿಗೆ ಉಕ್ಕಿನ ಅಲಗೊಂದಿರುತ್ತದೆ. ಅದರ ದಪ್ಪ ಸುಮಾರು ನಾಲ್ಕು ಮಿಲಿಮೀಟರು. ಅದರ ಮೇಲೆಯೇ ಓಟ, ಜಿಗಿತ, ತಿರುಗಣೆ ಎಲ್ಲವೂ. ಜೋಡಿ ಸ್ಪರ್ಧೆಯಲ್ಲಿ ಇವುಗಳ ಜೊತೆಗೆ ಎತ್ತುವುದು, ಎಸೆಯುವುದು, ಹಿಡಿಯುವುದು ಸೇರುತ್ತವೆ. ಗಂಡಸು ಒಂದು ಕೈಯಿಂದ ಸಂಗಾತಿಯ ಕೈ ಹಿಡಿದು ನಿಂತಲ್ಲೇ ತಿರುಗುವಾಗ, ಆಕೆಯ ತಲೆಗೂದಲು ಮಂಜಿಗೆ ತಾಗುವಷ್ಟು ಕೆಳಗೆ ಬಾಗಿ ಅವನನ್ನು ಸುತ್ತುವ ಒಂದು ಕ್ರಮವಿದೆ. ಅದಕ್ಕೆ ಅವರು ಇಟ್ಟ ಹೆಸರಿನಲ್ಲಿಯೇ ಮರಣವೆಂಬ ಶಬ್ದವಿದೆ. ತೀರ್ಪುಗಾರರು ಕೊಡುವ ಅಂಕ ಮಾತ್ರ ಇಬ್ಬರಿಗೂ ಕೂಡಿ ಒಂದೇ. ಅವನದಿಷ್ಟು, ಅವಳದಿಷ್ಟು ಎಂದು ವಿಂಗಡಿಸುವುದಿಲ್ಲ. ಆಯ್ದಕ್ಕಿ ಮಾರಯ್ಯನವರು ಅಗತ್ಯ ಮೀರಿ ಅಕ್ಕಿ ತಂದಾಗ, ಲಕ್ಕಮ್ಮನವರು ಅದನ್ನು ಗಂಡನೊಬ್ಬನ ತಪ್ಪೆಂದು ಬಿಡದೆ ತಮ್ಮಿಬ್ಬರ ಕಾಯಕಕ್ಕೇ ತಗಲಿದ ಕುಂದೆಂದು ತಿದ್ದಿದ ಪ್ರಸಂಗ ನಮಗೆ ಇಲ್ಲಿ ನೆನಪಾಯಿತು.

ಆ ಹೆಣ್ಣುಮಗಳ ಹೆಸರು ಅಲಿಯೋನಾ ಸಾವ್ಚೆಂಕೊ. ಜನನ 1984ರ ಜನವರಿ 19, ಉಕ್ರೇನಿನ ರಾಜಧಾನಿ ಕೀವ್‌ಗೆ ದಕ್ಷಿಣದಲ್ಲಿರುವ ಒಬುಖಿವ್ ಎಂಬ ಪಟ್ಟಣದಲ್ಲಿ. ಮೂರು ವರ್ಷದವಳಿದ್ದಾಗಲೇ ಅಲಗು ಕಟ್ಟಿಕೊಂಡು ಮಂಜಿನ ಮೇಲೆ ನಿಂತವಳು. ಆಕೆಗೆ ಏಳು ವರ್ಷವಾದಾಗ, 1991ರಲ್ಲಿ, ಸೋವಿಯತ್ ಒಕ್ಕೂಟವು ಮುರಿದು ಉಕ್ರೇನು ಸ್ವತಂತ್ರವಾಯಿತು. ಕ್ರೀಡೆಗೆ ಸರಕಾರದಿಂದ ಬರುತ್ತಿದ್ದ ಆಸರೆ ಸಡಿಲಿದ ಕಾಲವದು. ಅಂಥದರಲ್ಲಿಯೂ 2000ದಲ್ಲಿ, ಸ್ತಾನಿಸ್ಲಾವ್ ಮೊರೊಜೊವ್ ಎಂಬ ಯುವಕನೊಡನೆ ಆಕೆ ಕಿರಿಯರ ವಿಶ್ವ ಪ್ರಶಸ್ತಿಯನ್ನು ಗೆದ್ದಳು. ಆಗ ಆಕೆಗೆ ಹದಿನಾರು. ಗೆದ್ದ ಸ್ಥಳ ಜರ್ಮನಿಯ ಆಲ್ಪ್ಸ್ ಪರ್ವತದ ತಪ್ಪಲಿನ ಓಬರ್ಸ್ಟ್‌ಡೋರ್ಫ್. ಈ ಊರಿನ ಹೆಸರನ್ನು ವಾಚಕರು ನೆನಪಿಟ್ಟುಕೊಳ್ಳಬೇಕು.

2002ರ ಒಲಿಂಪಿಕ್ಸ್‌ನಲ್ಲಿ ಈ ಜೋಡಿಗೆ ದೊರೆತುದು ಹದಿನೈದನೆಯ ಸ್ಥಾನ. ಆ ಬಳಿಕ ಅವರಿಬ್ಬರು ಬೇರೆಯಾದರು. ಜೋಡಿ ಕಲೆಯಲ್ಲಿ ಸಂಗಾತಿ ಹೋದರೆ ಉಳಿದವರ ವಿದ್ಯೆಯೂ ಅರ್ಧವಾಗುತ್ತದೆ. ಒಬ್ಬಳೇ ಎಷ್ಟು ಅಭ್ಯಾಸ ಮಾಡಿದರೂ ಎಸೆಯುವ ಕೈಗಳಿಲ್ಲ. ತಾಯ್ನಾಡಿನಲ್ಲಿ ಸಂಗಾತಿ ದೊರೆಯದೆ, 2003ರಲ್ಲಿ ಹತ್ತೊಂಬತ್ತರ ಆ ಹುಡುಗಿ ಜರ್ಮನಿಯ ಖೆಮ್ನಿಟ್ಜ್ ನಗರಕ್ಕೆ ತೆರಳಿದಳು. ಹೆತ್ತವರನ್ನೂ ಆಡುನುಡಿಯನ್ನೂ ಹಿಂದೆ ಬಿಟ್ಟು, ಗುರುತಿಲ್ಲದವನೊಬ್ಬನ ಕೈಗಳನ್ನು ನಂಬಿ ಹೊರಡುವುದೆಂದರೆ ಸಾಮಾನ್ಯವಲ್ಲ. ಮಗಳನ್ನು ಪರವೂರಿಗೆ ಓದಲು ಕಳಿಸಿದ ತಾಯಂದಿರಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ.

ಹೊಸ ಸಂಗಾತಿ ರಾಬಿನ್ ಶೋಲ್ಕೊವಿ, ಟಾಂಜಾನಿಯಾದ ತಂದೆಗೂ ಜರ್ಮನ್ ತಾಯಿಗೂ ಹುಟ್ಟಿದವನು. ಗುರು ಇಂಗೊ ಸ್ಟಾಯರ್, ಸ್ವತಃ 1997ರ ವಿಶ್ವ ವಿಜೇತ ಜೋಡಿಯಲ್ಲೊಬ್ಬ. ಈತನ ಮೇಲೊಂದು ಕಳಂಕವಿತ್ತು. ಪೂರ್ವ ಜರ್ಮನಿಯ ಗುಪ್ತ ಪೊಲೀಸರಿಗೆ ಯೌವನದಲ್ಲಿ ಸುದ್ದಿ ಒಯ್ಯುತ್ತಿದ್ದನೆಂಬುದು 2006ರಲ್ಲಿ ಬೆಳಕಿಗೆ ಬಂದು, ಒಲಿಂಪಿಕ್ ತಂಡದಿಂದ ಆತನನ್ನು ಹೊರಗಿಡಲು ಅಲ್ಲಿನ ಸಮಿತಿ ಹವಣಿಸಿತು. ನ್ಯಾಯಾಲಯದ ಆಜ್ಞೆಯಿಂದ ಆತ ಹೋಗಲು ಸಾಧ್ಯವಾಯಿತು. ಶಿಷ್ಯರು ಗುರುವನ್ನು ಬಿಡಲಿಲ್ಲ. ಅದು ಸರಿಯೋ ತಪ್ಪೋ ಎಂದು ಹೇಳಲು ನಾವು ಹಿಂಜರಿಯುತ್ತೇವೆ. ಆತನು ಬರೆದ ವರದಿಗಳಿಂದ ನೊಂದವರಿದ್ದರೆ ಅವರ ಮನೆಯಲ್ಲಿ ಕುಳಿತು ಹೇಳಬೇಕಾದ ಮಾತದು.

ಈ ಜೋಡಿ 2008, 2009, 2011, 2012 ಮತ್ತು 2014ರಲ್ಲಿ, ಹೀಗೆ ಐದು ಬಾರಿ ವಿಶ್ವ ಪ್ರಶಸ್ತಿ ಗೆದ್ದಿತು. ಆದರೆ ಒಲಿಂಪಿಕ್ ಸ್ವರ್ಣ ಮಾತ್ರ ಕೈಗೆಟುಕಲಿಲ್ಲ. 2010ರಲ್ಲಿ ವ್ಯಾಂಕೂವರಿನಲ್ಲಿ ಕಂಚು, 2014ರಲ್ಲಿ ಸೋಚಿಯಲ್ಲಿ ಮತ್ತೆ ಕಂಚು. ಸೋಚಿಯಲ್ಲಿ ಅತ್ಯಂತ ಕಠಿಣವಾದ ಎಸೆತವೊಂದನ್ನು ಸಾಹಸ ಮಾಡಿ, ಇಳಿಯುವಾಗ ಆಕೆ ಬಿದ್ದಳು. ಅಂದು ಸ್ವರ್ಣ ಗೆದ್ದ ರಷ್ಯದ ಜೋಡಿಯ ಹೆಣ್ಣುಮಗಳು ತತ್ಯಾನಾ ವೊಲೊಸೊಝಾರ್. ಈಕೆಯೂ ಉಕ್ರೇನಿನವಳೇ, ಹಿಂದೆ ಅದೇ ಮೊರೊಜೊವ್‌ನ ಸಂಗಾತಿಯಾಗಿದ್ದವಳು. ಒಂದೇ ನಾಡಿನ ಇಬ್ಬರು ಹೆಣ್ಣುಮಕ್ಕಳು ಅಂದು ಪದಕಪೀಠವನ್ನೇರಿದರು, ಆದರೆ ಇಬ್ಬರೂ ಪರದೇಶಗಳ ಧ್ವಜದ ಹೆಸರಿನಲ್ಲಿ. ಬಿತ್ತಿದ ಹೊಲ ಒಂದು, ರಾಶಿ ಮಾಡಿದ ಕಣ ಇನ್ನೊಂದು. ಒಬುಖಿವ್‌ನ ಜನ ಅಂದು ಹರ್ಷಪಟ್ಟರೋ ನಿಟ್ಟುಸಿರಿಟ್ಟರೋ, ಬಹುಶಃ ಎರಡೂ ಇದ್ದೀತು.

ಆ ವರ್ಷವೇ ಶೋಲ್ಕೊವಿ ನಿವೃತ್ತನಾದ. ಆಕೆಗೆ ಮೂವತ್ತು ತುಂಬಿತ್ತು. ಸಾಕೆಂದು ಹೇಳಲು ಇದಕ್ಕಿಂತ ಮರ್ಯಾದೆಯ ಸಂದರ್ಭ ಮತ್ತೊಂದಿರಲಿಲ್ಲ. ಆಕೆ ಸಾಕೆನ್ನದೆ, ತನಗಿಂತ ಐದು ವರ್ಷ ಕಿರಿಯನಾದ ಬ್ರುನೊ ಮಾಸೊ ಎಂಬ ಫ್ರೆಂಚ್ ಯುವಕನನ್ನು ಸಂಗಾತಿಯಾಗಿ ಆರಿಸಿಕೊಂಡಳು. ಅಭ್ಯಾಸದ ಸ್ಥಳ ಓಬರ್ಸ್ಟ್‌ಡೋರ್ಫ್, ಹದಿನಾರರ ವಯಸ್ಸಿನಲ್ಲಿ ಆಕೆ ಗೆದ್ದಿದ್ದ ಅದೇ ಊರು. ಫ್ರಾನ್ಸಿನ ಕ್ರೀಡಾ ಒಕ್ಕೂಟವು ಬಹುಕಾಲ ಅವನನ್ನು ಬಿಟ್ಟುಕೊಡದ ಕಾರಣ, ಒಂದು ಋತುವಿಡೀ ಸ್ಪರ್ಧೆಯಿಲ್ಲದೆ ಅಭ್ಯಾಸವೊಂದನ್ನೇ ಮಾಡುತ್ತ ಕಾಯಬೇಕಾಯಿತು. 2016ರ ನವೆಂಬರಿನಲ್ಲಿ ಮತ್ತದೇ ಕಠಿಣ ಎಸೆತದಿಂದ ಇಳಿಯುವಾಗ ಆಕೆಯ ಕಾಲ ಗಿಣ್ಣಿಗೆ ಪೆಟ್ಟಾಯಿತು. ಇತ್ತ ಮಾಸೊ ಜರ್ಮನ್ ಪೌರತ್ವಕ್ಕಾಗಿ ಭಾಷಾ ಪರೀಕ್ಷೆಗೆ ಕುಳಿತು ಅನುತ್ತೀರ್ಣನಾದ. ಇಷ್ಟು ಬಲವುಳ್ಳ ತೋಳುಗಳು ವ್ಯಾಕರಣದ ಮುಂದೆ ಸೋತುವೆಂದು ಓದಿ, ವ್ಯಾಕರಣ ಕಲಿಸಿದ ನಮಗೆ ನಗು ಬಂದಿತು, ಕನಿಕರವೂ ಆಯಿತು. ಒಲಿಂಪಿಕ್ಸ್‌ಗೆ ಕೆಲವೇ ತಿಂಗಳಿರುವಾಗ, 2017ರ ಕೊನೆಯಲ್ಲಿ, ಅವನು ಉತ್ತೀರ್ಣನಾಗಿ ಪೌರನಾದ.

ಈ ಸ್ಪರ್ಧೆಯಲ್ಲಿ ಎರಡು ಭಾಗಗಳಿರುತ್ತವೆ, ಮೊದಲ ದಿನ ಚಿಕ್ಕದು, ಮರುದಿನ ದೊಡ್ಡದು. ಪ್ಯೊಂಗ್‌ಚಾಂಗ್‌ನ ಮೊದಲ ದಿನ, ಇಬ್ಬರೂ ಅಕ್ಕಪಕ್ಕದಲ್ಲಿ ಏಕಕಾಲಕ್ಕೆ ಮೂರು ಸುತ್ತು ಜಿಗಿಯಬೇಕಾದ ಕಡೆ ಆಕೆ ಮೂರು ಸುತ್ತಿದಳು, ಅವನು ಎರಡೇ ಸುತ್ತಿದ. ಅಂಕ 76.59, ಸ್ಥಾನ ನಾಲ್ಕನೆಯದು. ಮುಂದಿದ್ದ ಚೀನದ ಸುಯ್ ವೆನ್‌ಜಿಂಗ್ ಮತ್ತು ಹಾನ್ ಕಾಂಗ್ ಜೋಡಿಗೆ 82.39. ಅಂತರ 5.80. ಆಕೆಗದು ಐದನೆಯ ಒಲಿಂಪಿಕ್ಸ್, ವಯಸ್ಸು ಮೂವತ್ತನಾಲ್ಕು. ತಪ್ಪಿದವನು ಅವನು, ತಪ್ಪದವಳು ಆಕೆ, ದಂಡ ಇಬ್ಬರಿಗೂ. ನಾವು ಆ ಬಾಲೆಯ ಪ್ರಶ್ನೆಗೆ ಉತ್ತರ ಹುಡುಕುತ್ತ ಬಹಳ ಹೊತ್ತು ನಿಂತುದು ಈ ಒಂದು ರಾತ್ರಿಯ ಬಳಿಯಲ್ಲಿ. ಆ ರಾತ್ರಿ ಆಕೆ ಮುನಿಸಿಕೊಂಡು ಕುಳಿತಿದ್ದರೆ, ಮರುದಿನ ಅವನು ಎಸೆಯುವ ಕೈಯಲ್ಲಿ ಅಳುಕು ಸೇರುತ್ತಿತ್ತು. ಅಳುಕಿದ ಕೈ ಎಸೆದರೆ ಮಂಜಿನ ಮೇಲೆ ಬೀಳುವವಳು ಆಕೆಯೇ.

ಮರುದಿನ, ಫೆಬ್ರವರಿ 15ರಂದು, ನಾಲ್ಕೂವರೆ ನಿಮಿಷದ ಆ ಪ್ರದರ್ಶನದಲ್ಲಿ ಕುಂದೆಂಬುದು ಕಾಣಲಿಲ್ಲ. ಅದನ್ನು ಹೆಣೆದುಕೊಟ್ಟವರು, 1984ರ ಒಲಿಂಪಿಕ್ಸ್‌ನಲ್ಲಿ ಮಂಜಿನ ಮೇಲಣ ನೃತ್ಯಕ್ಕೆ ಸ್ವರ್ಣ ಗೆದ್ದಿದ್ದ ಇಂಗ್ಲೆಂಡಿನ ಕ್ರಿಸ್ಟೊಫರ್ ಡೀನ್. ತೀರ್ಪುಗಾರರು 159.31 ಅಂಕ ಕೊಟ್ಟರು. ಅಲ್ಲಿಯವರೆಗೆ ಯಾವ ಜೋಡಿಯೂ ಅಷ್ಟನ್ನು ಪಡೆದಿರಲಿಲ್ಲ. ತಮಗಿಂತ ಮುಂದಿದ್ದ ಮೂರು ಜೋಡಿಗಳ ಸರದಿ ಮುಗಿಯುವವರೆಗೆ ಅವರಿಬ್ಬರೂ ಕಾದು ಕುಳಿತರು. ಕಡೆಗೆ ಒಟ್ಟು ಅಂಕ ಅವರಿಗೆ 235.90, ಚೀನದವರಿಗೆ 235.47. ಅರ್ಧ ಅಂಕಕ್ಕೂ ಕಡಿಮೆ ಅಂತರದಿಂದ ಸ್ವರ್ಣ ದೊರೆಯಿತು. ಜರ್ಮನಿಗೆ ಜೋಡಿ ಸ್ಪರ್ಧೆಯ ಸ್ವರ್ಣ 1952ರ ಬಳಿಕ ಬಂದುದು ಅಂದೇ. ಮರು ತಿಂಗಳು ಮಿಲಾನಿನಲ್ಲಿ ವಿಶ್ವ ಪ್ರಶಸ್ತಿಯನ್ನೂ 245.84 ಅಂಕಗಳಿಂದ ಗೆದ್ದು, ಆ ಜೋಡಿ ಸ್ಪರ್ಧೆಯಿಂದ ಹಿಂದೆ ಸರಿಯಿತು. 2019ರಲ್ಲಿ ಆಕೆಗೆ ಹೆಣ್ಣುಮಗು ಹುಟ್ಟಿತು.

ಮುಂದಿನ ಸಲ ಆ ಮನೆಗೆ ಹೋದಾಗ ಇದೆಲ್ಲವನ್ನೂ ಬಾಲೆಗೆ ಹೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಗೆದ್ದ ದಿನದ ದೃಶ್ಯವನ್ನಲ್ಲ, ಹಿಂದಿನ ದಿನದ ದೃಶ್ಯವನ್ನು ಹುಡುಕಿ ಹಚ್ಚಿದಳು. ಅವನು ಎರಡೇ ಸುತ್ತಿ ಇಳಿದಾಗ, "ನೋಡ್ರಿ ಗುರುಗಳ, ಆಕಿ ನಿಂದರಲಿಲ್ಲ" ಎಂದಳು. ನಿಜ, ಮುಂದಿನ ಹೆಜ್ಜೆಗೆ ಆಕೆ ಆಗಲೇ ಅವನತ್ತ ಕೈ ಚಾಚಿದ್ದಳು.