ಮರಗೆಲಸದ ತರಬೇತಿ: ಮಾದರಿ ತುಂಡಿನಿಂದ ನಿಜವಾದ ನಿರ್ಮಾಣಕ್ಕೆ

ಪೀಠೋಪಕರಣ ಹಾಗೂ ಒಳಾಂಗಣ ಕಾಮಗಾರಿಗಳಲ್ಲಿ ತೊಡಗಿರುವ ಸಣ್ಣ ಉದ್ಯಮಿಗಳಿಗೆ ನುರಿತ ಬಡಗಿಗಳ ಅಭಾವವು ಹೊಸ ದೂರೇನಲ್ಲ. ಪ್ರಮಾಣಪತ್ರ ಪಡೆದು ಬಂದ ಯುವಕನಿಗೂ ಬಾಗಿಲ ಚೌಕಟ್ಟೊಂದನ್ನು ಸ್ವತಂತ್ರವಾಗಿ ಕೂರಿಸಲು ಬಾರದೆಂಬ ಮಾತು ಆಗಾಗ ಕೇಳಿಬರುತ್ತದೆ. ಇದಕ್ಕೆ ಯುವಕರ ಅನಾಸಕ್ತಿಯನ್ನು ಹೊಣೆ ಮಾಡುವುದು ಸುಲಭ. ಆದರೆ ಕಲಿಸುವ ಕ್ರಮವನ್ನೂ ಪರಿಶೀಲಿಸಬೇಕಾಗಿದೆ.

ತರಬೇತಿಯ ಆರಂಭದಲ್ಲಿ ಸಣ್ಣ ತುಂಡುಗಳನ್ನು ಕೊಯ್ದು, ಉಳಿಯಿಂದ ಕಚ್ಚು ಕೊರೆದು, ಜೋಡಿಸಿ ಅಂಕ ಪಡೆಯುವುದು ಅಗತ್ಯವೇ. ಕಲಿಕೆ ಅಲ್ಲಿಗೇ ನಿಂತರೆ ಆ ಮರವು ಲೆಕ್ಕದಲ್ಲಿ ಬರೀ ಖರ್ಚು, ಕೊನೆಗೆ ಸೌದೆ. ಅದನ್ನು ಬಳಸುವವರಿಲ್ಲ, ಆದ್ದರಿಂದ ತಪ್ಪಿಗೆ ಬೆಲೆಯೂ ಇಲ್ಲ. ಒಂದು ಸಣ್ಣ ಕೊಠಡಿಯನ್ನೇ ಕಟ್ಟುವಾಗ ಹಾಗಲ್ಲ. ಬುಡದಲ್ಲಿ ಅಳತೆ ತಪ್ಪಿದರೆ ಮಾಡಿನಲ್ಲಿ ಅದು ಎದ್ದು ಕಾಣುತ್ತದೆ. ಮರವು ಎಳೆಯ ಉದ್ದಕ್ಕೆ ಬಹಳ ಕಡಿಮೆ, ಅಡ್ಡಕ್ಕೆ ಹೆಚ್ಚು ಹಿಗ್ಗಿ ಕುಗ್ಗುತ್ತದೆಂಬ ಪಾಠವು ಮಳೆಗಾಲದಲ್ಲಿ ಬಿಗಿದುಕೊಂಡ ಬಾಗಿಲನ್ನು ತಾನೇ ಸರಿಪಡಿಸಿದವನಿಗೆ ಮರೆಯದು. ಘನ ಅಡಿಯ ಲೆಕ್ಕ, ಹಾಳಾಗುವ ಮರದ ಪ್ರಮಾಣ, ಕೆಲಸ ಒಪ್ಪಿಸುವ ಗಡುವು ಇವೆಲ್ಲವೂ ಒಟ್ಟಿಗೇ ರೂಢಿಯಾಗುತ್ತವೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಇಂತಹ ಕ್ರಮ ಆರಂಭವಾಯಿತು. ಅಲ್ಲಿಯ ವಾಸ್ತುಶಿಲ್ಪ ವಿದ್ಯಾರ್ಥಿಗಳು ಕೆಂಟಕಿ ರಾಜ್ಯದ ನ್ಯೂ ಜಯಾನ್ ಎಂಬ ಬಡ ಹಳ್ಳಿಗೆ ಸಮುದಾಯ ಭವನವೊಂದನ್ನು ಕಟ್ಟಿಕೊಟ್ಟರು. 1989ರಿಂದೀಚೆಗೆ ನ್ಯೂ ಹೇವನ್ ನಗರದಲ್ಲಿ ಅಲ್ಪ ಆದಾಯದವರಿಗೆ ಮನೆಗಳನ್ನು ಕಟ್ಟುತ್ತಿದ್ದಾರೆ. ನಕ್ಷೆ ಬರೆದವರೇ ಗರಗಸ, ಸುತ್ತಿಗೆ ಹಿಡಿಯಬೇಕೆಂಬುದು ಅಲ್ಲಿಯ ತತ್ತ್ವ. ಉತ್ಪಾದಕ ಕಸುಬಿನ ಮೂಲಕ ಕಲಿಕೆಯೆಂಬುದು ಭಾರತಕ್ಕೂ ಹೊಸದಲ್ಲ. ಗಾಂಧೀಜಿಯವರ ಮೂಲಶಿಕ್ಷಣದ ವಿಚಾರವನ್ನು 1937ರ ವಾರ್ಧಾ ಸಮ್ಮೇಳನವು ಅಂಗೀಕರಿಸಿತ್ತು.

ವಾಣಿಜ್ಯ ಸಂಸ್ಥೆಯ ಸದಸ್ಯರು ಇಲ್ಲಿ ಮಾಡಬಹುದಾದುದು ಬಹಳವಿದೆ. ಕಾವಲುಗಾರನ ಕೊಠಡಿ, ಉಗ್ರಾಣದ ಕಪಾಟು, ಅಂಗಡಿಯ ಕೌಂಟರ್ ಮುಂತಾದ, ಅವಸರವಿಲ್ಲದ ಕೆಲಸಗಳನ್ನು ಸಮೀಪದ ಐ.ಟಿ.ಐ.ಗೆ ಒಪ್ಪಿಸಬಹುದು. ಮರ, ಮೊಳೆ, ತಿರುಪುಗಳ ವೆಚ್ಚವನ್ನೂ ಅನುಭವಿ ಮೇಸ್ತ್ರಿಯೊಬ್ಬರ ಗೌರವಧನವನ್ನೂ ಸದಸ್ಯರು ಭರಿಸಲಿ. ಸ್ಥಳ, ಉಪಕರಣ ಮತ್ತು ಮೇಲ್ವಿಚಾರಣೆ ಐ.ಟಿ.ಐ.ಯದಾಗಲಿ. ತರಬೇತಿ ಮುಗಿಸಿದವರನ್ನು 1961ರ ಅಪ್ರೆಂಟಿಸ್ ಕಾಯಿದೆಯಡಿ ಸೇರಿಸಿಕೊಳ್ಳುವ ಮಾರ್ಗವಿದೆ. 2019ರ ತಿದ್ದುಪಡಿ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಕೆಲಸಗಾರರಿರುವ ಘಟಕಗಳಿಗೆ ಇದು ಕಡ್ಡಾಯ. 4ರಿಂದ 29 ಮಂದಿ ಇರುವಲ್ಲಿ ಐಚ್ಛಿಕ.

ಆದರೆ ಒಂದು ಎಚ್ಚರಿಕೆ ಅಗತ್ಯ. ಇದನ್ನು ಅಗ್ಗದ ಕೂಲಿಯೆಂದು ಭಾವಿಸಿದರೆ ಉದ್ದೇಶವೇ ಕೆಡುತ್ತದೆ. ಒಂದೇ ಬಗೆಯ ಕಪಾಟನ್ನು ಐವತ್ತು ಬಾರಿ ಮಾಡಿಸುವುದು ತರಬೇತಿಯಲ್ಲ, ಉತ್ಪಾದನೆ. ಯಂತ್ರ ಗರಗಸದ ಬಳಿ ಸುರಕ್ಷತೆಯಲ್ಲಿ ರಿಯಾಯಿತಿ ಸಲ್ಲದು. ಮರ ಹಾಳಾಗುವುದು, ವಿಳಂಬವಾಗುವುದು ಖಚಿತವಾದ್ದರಿಂದ ಅವುಗಳಿಗೆ ಅಂದಾಜಿನಲ್ಲಿ ಮೊದಲೇ ಅವಕಾಶವಿರಬೇಕು. ವೆಚ್ಚದ ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಬರೆಯಿಸಿದರೆ ಮುಂದೆ ಸ್ವಂತ ಉದ್ಯೋಗ ಹೂಡುವವರಿಗೆ ಅದೂ ಒಂದು ಪಾಠ.

ಉದ್ಯಮಿಯು ಸಿದ್ಧ ಕುಶಲಕರ್ಮಿಗಾಗಿ ಕಾಯುವ ಬದಲು ಆತನನ್ನು ರೂಪಿಸುವುದರಲ್ಲಿ ಪಾಲುದಾರನಾಗಬೇಕು. ವರ್ಷಕ್ಕೊಂದು ಕೆಲಸವನ್ನಾದರೂ ವಿದ್ಯಾರ್ಥಿಗಳಿಗೆ ವಹಿಸಲು ಸದಸ್ಯರು ಮುಂದೆ ಬಂದರೆ, ಇಂದು ಸೌದೆಯಾಗುತ್ತಿರುವ ಮರವು ನಾಳೆ ಆಸ್ತಿಯ ಕಲಮಿನಲ್ಲಿ ಸೇರುತ್ತದೆ.